ಲೋಕಲ್‌ಹೋಸ್ಟ್ ಅಂದರೆ ಯಾವ ಬಾಗಿಲು?

ಪ್ರಶ್ನೆ: ಮೇಡಂ, ಚಿಕ್ಕಪೇಟೆಯಲ್ಲಿ ನಮ್ಮದು ಸೀರೆ ಹೋಲ್‌ಸೇಲ್ ಅಂಗಡಿ. ಬಿಲ್ಲು, ಸ್ಟಾಕು ಎಲ್ಲಾ ಎಸ್.ಪಿ. ರೋಡಿನಲ್ಲಿ ಕೊಂಡ ಹಳೇ ಕಂಪ್ಯೂಟರಿನಲ್ಲಿದೆ. ಲಿನಕ್ಸ್, ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಅಂತ ನನ್ನ ಭಾಮೈದನ ಮಗ ಮಾಡಿಕೊಟ್ಟಿದ್ದು. ಹೋದ ತಿಂಗಳು ಹಾರ್ಡ್‌ಡಿಸ್ಕ್ ಕೈಕೊಟ್ಟಿತು. ಹೊಸದು ಹಾಕಿಸಿ, ಬ್ಯಾಕಪ್ ತುಂಬಿಸಿ, ಬಿಲ್ಲಿಂಗ್ ತೆರೆದರೆ '2002, ನೋ ಸಚ್ ಫೈಲ್ ಆರ್ ಡೈರೆಕ್ಟರಿ' ಅಂತ ಬಂತು. ಫೈಲೇ ಇಲ್ಲ ಅಂದಮೇಲೆ ಲೆಕ್ಕವೆಲ್ಲ ಹೋಯಿತು ಅಂತ ಎದೆ ಧಸಕ್ಕೆಂದಿತು. ಹುಡುಗನಿಗೆ ಫೋನ್ ಮಾಡಿದೆ. 'ಮಾವ, ಲೋಕಲ್‌ಹೋಸ್ಟ್ ಅಂತ ಇರೋ ಕಡೆ 127.0.0.1 ಅಂತ ಹಾಕಿ' ಅಂದ. ಹಾಕಿದೆ, ಸರಿಹೋಯಿತು. ಎರಡೂ ಒಂದೇ ಅಲ್ಲವಾ? ಹಾಗಾದರೆ ಸರಿಹೋಗಿದ್ದು ಹೇಗೆ? ಹೀಗೇ ಬಿಟ್ಟರೆ ಹೊರಗಿನವರು ಯಾರಾದರೂ ಒಳಗೆ ಬರುತ್ತಾರಾ?
(ಹೆಸರು ಬೇಡ ಎಂದಿದ್ದಾರೆ, ಚಿಕ್ಕಪೇಟೆ)

ಉತ್ತರ: ಮೊದಲು ಎದೆಬಡಿತ ಇಳಿಸೋಣ. ಆ ಎರರ್‌ನಲ್ಲಿ ಇಲ್ಲ ಎಂದಿರುವ ಫೈಲು ನಿಮ್ಮ ಲೆಕ್ಕದ್ದಲ್ಲ, ಸಾಕೆಟ್ ಫೈಲು. ಅದರಲ್ಲಿ ಒಂದು ಸೀರೆಯ ಬಿಲ್ಲೂ ಇರುವುದಿಲ್ಲ. ಅದು ಬರೀ ಬಾಗಿಲು: ಬಿಲ್ಲಿಂಗ್ ಬರೆದಿರುವ ಪಿಎಚ್‌ಪಿ, ಲೆಕ್ಕ ಇಟ್ಟುಕೊಂಡಿರುವ ಡೇಟಾಬೇಸ್ ಮೈಎಸ್‌ಕ್ಯೂಎಲ್ ಹತ್ತಿರ ಹೋಗುವ ಬಾಗಿಲು.

ನಾನು ಬೆಳೆದದ್ದು ಗಾಂಧಿ ಬಜಾರಿನ ಹಿಂದಿನ ಒಂದು ವಠಾರದಲ್ಲಿ. ಅಮ್ಮನಿಗೆ ಹೆಪ್ಪಿಗೆ ಮಜ್ಜಿಗೆ ಬೇಕಾದರೆ ಹಿತ್ತಿಲ ಬಾಗಿಲಿಂದ ಪಕ್ಕದ ಮನೆಗೆ ಲೋಟ ಹಿಡಿದು ಹೋಗುತ್ತಿದ್ದಳು. ಅದಕ್ಕೆ ಮನೆ ನಂಬರೂ ಬೇಡ, ಕ್ರಾಸೂ ಬೇಡ. ಅದೇ ಮನೆಗೆ ಪೋಸ್ಟ್‌ಮ್ಯಾನ್ ಬರುತ್ತಿದ್ದದ್ದು ಮುಂಬಾಗಿಲಿಗೆ, ವಿಳಾಸ ಓದಿಕೊಂಡು. ಯುನಿಕ್ಸ್ ಸಾಕೆಟ್ ಅನ್ನುವುದು ಆ ಹಿತ್ತಿಲ ಬಾಗಿಲು: ಡಿಸ್ಕಿನಲ್ಲಿ ಕಾಣುವ ಒಂದು ಹೆಸರು, ಒಂದೇ ಮೆಷಿನ್ನಿನ ಎರಡು ಪ್ರೋಗ್ರಾಮುಗಳು ಅದರ ಮೂಲಕ ಮಾತಾಡಿಕೊಳ್ಳುತ್ತವೆ. 1983ರ 4.2ಬಿಎಸ್‌ಡಿ ಅನ್ನುವ ಹಳೇ ಯುನಿಕ್ಸ್ ಕಾಲದಿಂದ ಇದೆ. 127.0.0.1 ಅನ್ನುವುದು ವಿಳಾಸ, ಮೆಷಿನ್ನು ತನ್ನನ್ನೇ ಕರೆದುಕೊಳ್ಳುವ ವಿಳಾಸ. ಅದಕ್ಕೆ ಹೋದರೆ ಟಿಸಿಪಿ (ನೆಟ್‌ವರ್ಕಿನ ಅಂಚೆ ಪದ್ಧತಿ), ಪೋರ್ಟ್ ನಂಬರು (ಆ ವಿಳಾಸದಲ್ಲಿ ಯಾವ ಪ್ರೋಗ್ರಾಮು ಅನ್ನುವ ಗುರುತು) ಎಲ್ಲ ಬೇಕು. ಮೈಎಸ್‌ಕ್ಯೂಎಲ್‌ಗಾದರೆ 3306.

ಲೋಕಲ್‌ಹೋಸ್ಟ್ ಮತ್ತು 127.0.0.1 ಎರಡೂ ಒಂದೇ ಅಲ್ಲವಾ ಅಂದಿರಿ. ಬೇರೆ ಎಲ್ಲ ಕಡೆ ಹೆಚ್ಚುಕಡಿಮೆ ಹೌದು. ಮೈಎಸ್‌ಕ್ಯೂಎಲ್ ಮಾತ್ರ, ಅದೂ ಲಿನಕ್ಸ್ ಥರದ ಯುನಿಕ್ಸ್ ಮೆಷಿನ್ನುಗಳಲ್ಲಿ, ಲೋಕಲ್‌ಹೋಸ್ಟ್ ಅನ್ನುವ ಪದ ಕಂಡ ಕೂಡಲೇ ಅದನ್ನು ವಿಳಾಸ ಎಂದು ಓದುವುದೇ ಇಲ್ಲ. 'ಹಿತ್ತಿಲಿಂದ ಬಾ' ಎಂದು ಓದುತ್ತದೆ. ವಿಂಡೋಸ್‌ನಲ್ಲಿ ಹಾಗಿಲ್ಲ, ಅದಕ್ಕೇ ವಿಂಡೋಸ್‌ನಲ್ಲಿ ಕಲಿತು ಬಂದ ಹುಡುಗರು ಇಲ್ಲಿ ತಲೆ ಕೆರೆದುಕೊಳ್ಳುವುದು.

ನಿಮ್ಮಲ್ಲಿ ಆಗಿರುವುದು ಇಷ್ಟು. ವಿಳಾಸ ಹಾಕಿದಾಗ ಕೆಲಸ ಮಾಡಿತು ಅಂದಮೇಲೆ ಮೈಎಸ್‌ಕ್ಯೂಎಲ್ ಸರ್ವರ್ ಓಡುತ್ತಿದೆ. ಬಾಗಿಲು ಒಂದು ಕಡೆ ಇದೆ, ಪಿಎಚ್‌ಪಿ ಇನ್ನೊಂದು ಕಡೆ ಹುಡುಕುತ್ತಿದೆ. ಉಬುಂಟುವಿನ ಮೈಎಸ್‌ಕ್ಯೂಎಲ್ ಆ ಫೈಲನ್ನು ವಾರ್ ಒಳಗಿನ ರನ್ ಫೋಲ್ಡರಿನಲ್ಲಿ ಇಡುತ್ತದೆ, ರೆಡ್‌ಹ್ಯಾಟ್ ಕಡೆಯದು ವಾರ್ ಒಳಗಿನ ಲಿಬ್‌ನಲ್ಲಿ. ಪಿಎಚ್‌ಪಿಯನ್ನು ಬೇರೆ ಎಲ್ಲಿಂದಲೋ ತಂದು ಹಾಕಿದ್ದರೆ ಅದು ಟೆಂಪ್ ಫೋಲ್ಡರಿನಲ್ಲಿ ಹುಡುಕಬಹುದು. ಸರ್ವರ್‌ಗೆ ಲಾಗಿನ್ ಆಗಿ 'ಶೋ ವೇರಿಯಬಲ್ಸ್ ಲೈಕ್ ಸಾಕೆಟ್' ಅಂತ ಕೇಳಿ (ಸಾಕೆಟ್ ಅನ್ನುವುದಕ್ಕೆ ಉದ್ಧರಣ ಚಿಹ್ನೆ ಹಾಕಲು ಮರೆಯಬೇಡಿ). ತನ್ನ ಬಾಗಿಲು ಎಲ್ಲಿದೆ ಅಂತ ಅದೇ ಹೇಳುತ್ತದೆ. ಆ ದಾರಿಯನ್ನು ಪಿಎಚ್‌ಪಿಯ ಇನಿ ಅನ್ನುವ ಸೆಟ್ಟಿಂಗ್ ಫೈಲಿನಲ್ಲಿ ಡಿಫಾಲ್ಟ್ ಸಾಕೆಟ್ ಅನ್ನುವ ಸಾಲಿಗೆ ಬರೆದರೆ ಲೋಕಲ್‌ಹೋಸ್ಟ್ ಕೂಡ ಮೊದಲಿನಂತೆ ನಡೆಯುತ್ತದೆ. ಪಿಎಚ್‌ಪಿಯಿಂದ ಮೈಎಸ್‌ಕ್ಯೂಎಲ್ ಜೊತೆ ಮಾತಾಡಲು ಮೈಎಸ್‌ಕ್ಯೂಎಲ್‌ಐ, ಪಿಡಿಒ ಅಂತ ಎರಡು ದಾರಿ: ಮೈಎಸ್‌ಕ್ಯೂಎಲ್‌ಐಗೆ ಒಂದು ಸಾಲು, ಪಿಡಿಒಗೆ ಇನ್ನೊಂದು. ಹುಡುಗ ಯಾವುದರಲ್ಲಿ ಬರೆದಿದ್ದಾನೋ ಕೇಳಿಕೊಳ್ಳಿ.

ಇಂಥದ್ದೇ ಎರರ್ ಟರ್ಮಿನಲ್‌ನ ಮೈಎಸ್‌ಕ್ಯೂಎಲ್ ಕಮಾಂಡಿನಲ್ಲಿ ಬಂದರೆ ಕೊನೆಯಲ್ಲಿ ಕಂಸದೊಳಗೆ ಒಂದು ನಂಬರು ಇರುತ್ತದೆ. ಯಾರೂ ಅದನ್ನು ಓದುವುದಿಲ್ಲ. ಲಿನಕ್ಸ್‌ನಲ್ಲಿ 2 ಅಂದರೆ ಆ ಜಾಗದಲ್ಲಿ ಫೈಲೇ ಇಲ್ಲ. 13 ಅಂದರೆ ಇದೆ, ಆದರೆ ನಿಮಗೆ ಮುಟ್ಟಲು ಪರ್ಮಿಷನ್ ಇಲ್ಲ. 111 ಅಂದರೆ ಬಾಗಿಲಿದೆ, ತಟ್ಟಿದರೆ ಒಳಗಿಂದ ಓಗೊಡುವವರಿಲ್ಲ; ಕರೆಂಟ್ ಹೋಗಿ ಸರ್ವರ್ ಧೊಪ್ಪನೆ ನಿಂತು, ಫೈಲು ಮಾತ್ರ ಉಳಿದುಕೊಂಡಾಗ ಇದನ್ನು ನೋಡಬಹುದು. ಮೂರಕ್ಕೂ ಮದ್ದು ಬೇರೆ ಬೇರೆ.

ಹೀಗೇ ಬಿಡಬಹುದಾ? ಬಿಡಿ. ಹಿತ್ತಿಲ ದಾರಿ ಒಂದಿಷ್ಟು ವೇಗ, ಟಿಸಿಪಿಯ ಚೌಕಾಸಿಯೆಲ್ಲ ಅಲ್ಲಿಲ್ಲ. ಆದರೆ ಯುಗಾದಿ ಸೀಸನ್ನಿನಲ್ಲಿ ಕೂಡ ಒಂದು ಅಂಗಡಿಯ ಬಿಲ್ಲಿಗೆ ಆ ವ್ಯತ್ಯಾಸ ಕಾಣುವುದಿಲ್ಲ. 127.0.0.1 ಮೆಷಿನ್ ಬಿಟ್ಟು ಹೊರಗೆ ಹೋಗುವ ವಿಳಾಸವೂ ಅಲ್ಲ. ಅನುಮಾನವಿದ್ದರೆ ನೆಟ್ ಕೇಬಲ್ ಕಿತ್ತಿಟ್ಟು ಬಿಲ್ ಹಾಕಿ ನೋಡಿ, ಹಾಕುತ್ತದೆ. ಹೊರಗಿನವರು ಬರುವುದು ಬಿಡುವುದು ನಿಮ್ಮ ಪ್ರೋಗ್ರಾಮ್ ಏನು ಬರೆದುಕೊಂಡಿದೆ ಅನ್ನುವುದರ ಮೇಲಲ್ಲ, ಸರ್ವರ್‌ನ ಬೈಂಡ್ ಅಡ್ರೆಸ್ ಮೇಲೆ, ಅಂದರೆ ಅದು ಯಾವ ವಿಳಾಸಕ್ಕೆ ಬಂದವರಿಗೆ ಬಾಗಿಲು ತೆರೆಯುತ್ತದೆ ಅನ್ನುವುದರ ಮೇಲೆ. ಅದು 127.0.0.1 ಇರಲಿ. 0.0.0.0 (ಯಾವ ವಿಳಾಸವಾದರೂ ಸರಿ) ಅಂತಿದ್ದರೆ ಇವತ್ತೇ ಬದಲಾಯಿಸಿ.

ಒಂದು ತೊಡಕು ಮಾತ್ರ ಹೇಳಿಬಿಡುತ್ತೇನೆ. ಮೈಎಸ್‌ಕ್ಯೂಎಲ್‌ನಲ್ಲಿ ಯೂಸರ್ ಅಂದರೆ ಹೆಸರು ಮತ್ತು ಎಲ್ಲಿಂದ ಬಂದ ಅನ್ನುವುದು ಎರಡೂ ಸೇರಿ. ನಿಮ್ಮ ಯೂಸರನ್ನು ಲೋಕಲ್‌ಹೋಸ್ಟ್‌ಗೆ ಅಂತ ಮಾಡಿರುತ್ತಾರೆ. 127.0.0.1ರಿಂದ ಬಂದವನ ಹೆಸರು ಹುಡುಕಿ 'ಓ, ಲೋಕಲ್‌ಹೋಸ್ಟ್' ಅಂತ ಗುರುತಿಸಿ ಸರ್ವರ್ ಈಗ ಒಳಗೆ ಬಿಡುತ್ತಿದೆ. ಮುಂದೆ ಯಾರಾದರೂ ಸ್ಪೀಡ್ ಆಗಲಿ ಅಂತ ಸ್ಕಿಪ್ ನೇಮ್ ರಿಸಾಲ್ವ್ ಹಾಕಿದರೋ, ಆ ಗುರುತು ಹಿಡಿಯುವ ಕೆಲಸ ನಿಂತು ಒಳಗೆ ಬಿಡುವುದಿಲ್ಲ ಅನ್ನುವ ಎರರ್ (1130 ಅಥವಾ 1045) ಬರುತ್ತದೆ. ಆಗ ಪಾಸ್‌ವರ್ಡ್ ಬದಲಿಸುತ್ತಾ ಕೂರಬೇಡಿ. ಅದೇ ಹೆಸರಿಗೆ 127.0.0.1ದೂ ಒಂದು ಯೂಸರ್ ಮಾಡಿ.

ಇಷ್ಟೆಲ್ಲ ಉದ್ದ ಬರೆಯಲು ಕಾರಣ ನನ್ನದೇ ಒಂದು ಹಳೇ ಗಾಯ. ಕೆಲಸಕ್ಕೆ ಸೇರಿ ನಾಲ್ಕನೇ ವರ್ಷ, ರಾಜಾಜಿನಗರದ ಹತ್ತಿರ ಒಂದು ಆಫೀಸು. ಒಂದೇ ಮೆಷಿನ್ನಿನಲ್ಲಿ ಎರಡು ಮೈಎಸ್‌ಕ್ಯೂಎಲ್: 3306ರಲ್ಲಿ ಅಸಲಿ, 3307ರಲ್ಲಿ ಟೆಸ್ಟ್. ಶುಕ್ರವಾರ ಸಂಜೆ, ಬಸ್ ಹಿಡಿಯುವ ಆತುರ. ಹೋಸ್ಟ್ ಲೋಕಲ್‌ಹೋಸ್ಟ್, ಪೋರ್ಟ್ 3307 ಅಂತ ಸ್ಪಷ್ಟವಾಗಿ ಟೈಪ್ ಮಾಡಿ ಒಳಗೆ ಹೋದೆ. ಹಾಜರಿಯ ಟೇಬಲ್ಲನ್ನು ಟ್ರಂಕೇಟ್ ಮಾಡಿದೆ, ಅಂದರೆ ಪೂರ್ತಿ ಖಾಲಿ ಮಾಡಿದೆ. ಎರಡು ನಿಮಿಷಕ್ಕೆ ಮೇಲಿನ ಮಹಡಿಯಿಂದ ಫೋನು: 'ಮೇಡಂ, ಇವತ್ತು ಯಾರೂ ಆಫೀಸಿಗೇ ಬಂದಿಲ್ಲ ಅಂತ ತೋರಿಸ್ತಿದೆಯಲ್ಲ?'

ಲೋಕಲ್‌ಹೋಸ್ಟ್ ಅಂದಮೇಲೆ ಹಿತ್ತಿಲು. ಹಿತ್ತಿಲಿಗೆ ಪೋರ್ಟ್ ಇಲ್ಲ. ನಾನು ಕೊಟ್ಟ 3307ನ್ನು ಅದು ಒಂದು ಮಾತೂ ಆಡದೆ ಪಕ್ಕಕ್ಕೆ ಎಸೆದು, ಡಿಫಾಲ್ಟ್ ಸಾಕೆಟ್ ಹಿಡಿದು ನೇರ ಅಸಲಿ ಸರ್ವರ್‌ಗೆ ಕರೆದುಕೊಂಡು ಹೋಗಿತ್ತು. ಎಚ್ಚರಿಕೆ ಕೊಟ್ಟಿದ್ದರೆ ಕೈ ಮುಗಿಯುತ್ತಿದ್ದೆ. ಹಿಂದಿನ ರಾತ್ರಿಯ ಬ್ಯಾಕಪ್ ತುಂಬಿ, ಬೈನರಿ ಲಾಗನ್ನು (ಡೇಟಾಬೇಸಿನಲ್ಲಿ ಆದ ಬದಲಾವಣೆಗಳ ದಾಖಲೆ) ನನ್ನ ಆ ಟ್ರಂಕೇಟ್‌ನ ಹಿಂದಿನ ಕ್ಷಣದವರೆಗೆ ಓಡಿಸಿ ಮುಗಿಸುವಾಗ ರಾತ್ರಿ ಎರಡು. ಆವತ್ತಿನಿಂದ ಮೈಎಸ್‌ಕ್ಯೂಎಲ್ ಕಮಾಂಡಿನ ನನ್ನ ಪ್ರಾಂಪ್ಟಿನಲ್ಲಿ (ಟೈಪ್ ಮಾಡುವ ಸಾಲಿನ ಮೊದಲಲ್ಲಿ ಬರುವ ಬರಹ) ಬ್ಯಾಕ್‌ಸ್ಲ್ಯಾಶ್ ಪಿ ಇದೆ: ಟಿಸಿಪಿಯಲ್ಲಿ ಬಂದಿದ್ದರೆ ಪೋರ್ಟ್ ನಂಬರು, ಸಾಕೆಟ್‌ನಲ್ಲಿ ಬಂದಿದ್ದರೆ ಆ ಫೈಲಿನ ಹೆಸರು ಪ್ರತಿ ಸಾಲಿನಲ್ಲೂ ಕಣ್ಣಿಗೆ ರಾಚುತ್ತದೆ. ಅಷ್ಟು ಬೇಡ ಅನ್ನುವವರು ಒಳಗೆ ಹೋದ ತಕ್ಷಣ 'ಸ್ಟೇಟಸ್' ಅಂತ ಹೊಡೆಯಿರಿ, ಕನೆಕ್ಷನ್ ಅನ್ನುವ ಸಾಲು ನೋಡಿ. ನಿಮ್ಮ ಅಂಗಡಿಯಲ್ಲಿ ಹುಡುಗ ಟೆಸ್ಟ್‌ಗೆ ಅಂತ ಇನ್ನೊಂದು ಸರ್ವರ್ ಹಾಕುತ್ತೇನೆ ಅಂದರೆ ಈ ಪ್ಯಾರಾ ಓದಿಸಿ.

ಪ್ರಶ್ನೆ: ನಾನು ಬನಶಂಕರಿ ಕಡೆ ಎಂಜಿನಿಯರಿಂಗ್ ಓದುತ್ತಿದ್ದೇನೆ. ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಪ್ರಾಜೆಕ್ಟ್‌ಗೆ ಅಂತ ಒಂದು ಯೂಸರ್ ಮಾಡಿದೆ. ಹೋಸ್ಟ್ ಕೊಡದೆ ಹೋದರೆ ಪಾಸ್‌ವರ್ಡನ್ನೂ ಕೇಳದೆ 'ಪೀರ್ ಅಥೆಂಟಿಕೇಶನ್ ಫೇಲ್ಡ್' ಅನ್ನುತ್ತದೆ. ಲೋಕಲ್‌ಹೋಸ್ಟ್ ಅಂತ ಕೊಟ್ಟರೆ ಪಾಸ್‌ವರ್ಡ್ ಕೇಳಿ ಒಳಗೆ ಬಿಡುತ್ತದೆ. ಇದು ಬಗ್ಗಾ ಮೇಡಂ?

ಉತ್ತರ: ಬಗ್ ಅಲ್ಲ ಪುಟ್ಟಾ. ಮೇಲಿನ ಉತ್ತರವನ್ನು ತಿರುಗಿಸಿ ಓದು. ಪೋಸ್ಟ್‌ಗ್ರೆಸ್‌ಗೆ ಲೋಕಲ್‌ಹೋಸ್ಟ್ ಅಂದರೆ ನಿಜವಾಗಿಯೂ ವಿಳಾಸ, ಟಿಸಿಪಿ. ಏನೂ ಕೊಡದಿದ್ದರೆ ಹಿತ್ತಿಲು. ಹಿತ್ತಿಲಲ್ಲಿ ಬಂದವರ ಮುಖ ಕಾಣುತ್ತದಲ್ಲ? 'ಈ ಪ್ರೋಗ್ರಾಮ್ ಓಡಿಸುತ್ತಿರುವವರು ಯಾರು' ಅಂತ ಅದು ಲಿನಕ್ಸ್‌ನ ಒಳತಿರುಳಾದ ಕರ್ನೆಲ್‌ನನ್ನೇ ಕೇಳುತ್ತದೆ. ಲಿನಕ್ಸ್‌ನಲ್ಲಿ ನಿನ್ನ ಹೆಸರು ಒಂದು, ಡೇಟಾಬೇಸಿನ ಯೂಸರ್ ಇನ್ನೊಂದು ಆದರೆ ಬಾಗಿಲು ಹಾಕುತ್ತದೆ. ಪೀರ್ ಅಂದರೆ ಇದೇ. ಯಾರನ್ನು ಹೇಗೆ ಒಳಗೆ ಬಿಡಬೇಕು ಅಂತ ಬರೆದಿಡುವ ಪಿಜಿ ಎಚ್‌ಬಿಎ ಫೈಲು ತೆರೆದರೆ 'ಲೋಕಲ್' ಅಂತ ಶುರುವಾಗುವ ಸಾಲು ಹಿತ್ತಿಲಿಗೆ, 'ಹೋಸ್ಟ್' ಅಂತ ಶುರುವಾಗುವವು ಮುಂಬಾಗಿಲಿಗೆ. ನಿನ್ನ ಯೂಸರ್‌ಗೆ ಅಂತ ಒಂದು 'ಲೋಕಲ್' ಸಾಲು ಬರೆದು, ಪೀರ್ ಬದಲು ಸ್ಕ್ರ್ಯಾಮ್ (ಪಾಸ್‌ವರ್ಡ್ ಕೇಳುವ ವಿಧಾನ) ಹಾಕಿ, ಹಳೇ ಸಾಲಿಗಿಂತ ಮೇಲಿಟ್ಟು ರೀಲೋಡ್ ಮಾಡು. ಮೊದಲು ಹೊಂದಿದ ಸಾಲೇ ಅದಕ್ಕೆ ಕಡೆಯ ಮಾತು. ಯಾರೋ 'ಟ್ರಸ್ಟ್' ಅಂತ ಹಾಕು ಅಂದರೆ ಹಾಕಬೇಡ, ಅದು ಚಿಲಕವನ್ನೇ ಕಿತ್ತಹಾಗೆ.

ಅಂದಹಾಗೆ ಪೋಸ್ಟ್‌ಗ್ರೆಸ್‌ನ ಸಾಕೆಟ್ ಫೈಲಿನ ಹೆಸರು ಚುಕ್ಕಿಯಿಂದ ಶುರುವಾಗುತ್ತದೆ, ಫೈಲುಗಳ ಪಟ್ಟಿ ಕೊಡುವ ಎಲ್‌ಎಸ್ ಕಮಾಂಡನ್ನು ಬರೀ ಹಾಗೇ ಹೊಡೆದರೆ ಕಾಣುವುದಿಲ್ಲ. ಹೆಸರಿನ ಕೊನೆಗೆ 5432 ಅಂತ ಪೋರ್ಟ್ ನಂಬರೇ ಇರುತ್ತದೆ. ಇಲ್ಲಿ ಹಿತ್ತಿಲಿಗೂ ನಂಬರು. ನನ್ನ ಆ ಶುಕ್ರವಾರ ಪೋಸ್ಟ್‌ಗ್ರೆಸ್ ಇದ್ದಿದ್ದರೆ ನನಗೆ ಬಸ್ಸು ಸಿಗುತ್ತಿತ್ತು.

ಪ್ರಶ್ನೆ: ಆ್ಯಪ್ ಒಂದು ಡಾಕರ್ ಕಂಟೇನರ್‌ನಲ್ಲಿ, ಮೈಎಸ್‌ಕ್ಯೂಎಲ್ ಇನ್ನೊಂದರಲ್ಲಿ. ಲೋಕಲ್‌ಹೋಸ್ಟ್ ಹಾಕಿದರೆ ಫೈಲ್ ಇಲ್ಲ, 127.0.0.1 ಹಾಕಿದರೆ ಕನೆಕ್ಷನ್ ರೆಫ್ಯೂಸ್ಡ್. ಎರಡೂ ಇಲ್ಲ ಅಂದರೆ ಏನು ಹಾಕಲಿ? (ಪಿ.ಜಿ. ವಾಸಿ, ಬಿಟಿಎಂ ಲೇಔಟ್)

ಉತ್ತರ: ನೀವಿರುವ ಪಿ.ಜಿ.ಯಲ್ಲಿ ಪ್ರತಿಯೊಬ್ಬರೂ 'ನನ್ನ ರೂಮು' ಅಂದರೆ ಅವರವರ ರೂಮೇ. ಡಾಕರ್ ಕಂಟೇನರ್ ಅಂದರೆ ಮೆಷಿನ್ನಿನೊಳಗೇ ಬೇರೆ ಮಾಡಿಟ್ಟ ಅಂಥ ಒಂದು ರೂಮು. ಆ್ಯಪ್ ಕಂಟೇನರ್ ಲೋಕಲ್‌ಹೋಸ್ಟ್ ಅಂದರೆ ತನ್ನನ್ನೇ ತಾನು ಕರೆದುಕೊಂಡಂತೆ, ಅಲ್ಲಿ ಡೇಟಾಬೇಸ್ ಇಲ್ಲ. ಕಂಟೇನರ್‌ಗಳನ್ನೆಲ್ಲ ಪಟ್ಟಿ ಮಾಡಿರುವ ಕಂಪೋಸ್ ಫೈಲಿನಲ್ಲಿ ಡೇಟಾಬೇಸ್ ಸರ್ವಿಸಿಗೆ ಏನು ಹೆಸರಿಟ್ಟಿದ್ದೀರೋ ಅದನ್ನೇ ಹೋಸ್ಟ್ ಅಂತ ಹಾಕಿ. ಪೋರ್ಟ್ 3306, ಹೊರಗೆ ಬೇರೆ ನಂಬರಿಗೆ ಮ್ಯಾಪ್ ಮಾಡಿದ್ದರೂ ಒಳಗೆ ಅದೇ.