ದೊಡ್ಡ ವಿಡಿಯೋ ಬಂದಾಗ ಮಾತ್ರ ನನ್ನ ಪ್ರೋಗ್ರಾಂ ಎಫ್‌ಎಫ್‌ಎಂಪೆಗ್ ಓಡಿಸಿ ಅಲ್ಲೇ ನಿಂತುಬಿಡುತ್ತದೆ, ಯಾಕೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಜನ ಅಪ್‌ಲೋಡ್ ಮಾಡಿದ ವಿಡಿಯೋವನ್ನು ಬೇರೆ ಫಾರ್ಮ್ಯಾಟಿಗೆ ಬದಲಾಯಿಸಲು ನಿಮ್ಮ ಪೈಥಾನ್ ಅಪ್ಲಿಕೇಶನ್ ಒಳಗಿಂದ ಎಫ್‌ಎಫ್‌ಎಂಪೆಗ್ ಓಡಿಸುತ್ತೀರಿ. ಇಡೀ ಕಮಾಂಡನ್ನು ಒಂದೇ ಸ್ಟ್ರಿಂಗ್ ಮಾಡಿ ಪೋಪನ್‌ಗೆ, ಅಂದರೆ ಬೇರೆ ಪ್ರೋಗ್ರಾಂ ಶುರು ಮಾಡುವ ಪೈಥಾನ್‌ನ ಸಾಧನಕ್ಕೆ, ಕೊಡುತ್ತೀರಿ. ಶೆಲ್ (ಕಮಾಂಡ್ ಸಾಲನ್ನು ಓದಿ ಓಡಿಸುವ ಪ್ರೋಗ್ರಾಂ) ಆನ್ ಇದೆ, ಔಟ್‌ಪುಟ್ ಮತ್ತು ಎರರ್ ಎರಡೂ ಪೈಪಿಗೆ ಹೋಗುತ್ತವೆ, ಆಮೇಲೆ ಅದು ಮುಗಿಯುವ ತನಕ ಕಾಯಲು ವೇಟ್ ಕರೆಯುತ್ತೀರಿ. ಚಿಕ್ಕ ವಿಡಿಯೋ ಸರಿಯಾಗಿ ಆಗುತ್ತದೆ, ದೊಡ್ಡದು ಅರ್ಧಕ್ಕೆ ನಿಲ್ಲುತ್ತದೆ. ಎರರ್ ಏನೂ ಬರುವುದಿಲ್ಲ. ಅದೇ ಕಮಾಂಡನ್ನು ಟರ್ಮಿನಲ್‌ನಲ್ಲಿ ಕೈಯಾರೆ ಓಡಿಸಿದರೆ ಪೂರ್ತಿ ಮುಗಿಯುತ್ತದೆ. ಇದರ ಜೊತೆಗೆ ಹೆಸರಲ್ಲಿ ಸ್ಪೇಸ್ ಇರುವ ಫೈಲುಗಳು ಶುರುವಿನಲ್ಲೇ ಕೈಕೊಡುತ್ತಿವೆ.

ನಿಮ್ಮ ವಿಡಿಯೋದಲ್ಲಿ ತಪ್ಪಿಲ್ಲ, ಎಫ್‌ಎಫ್‌ಎಂಪೆಗ್‌ನಲ್ಲೂ ತಪ್ಪಿಲ್ಲ. ಪೈಪ್ ತುಂಬಿಹೋಗಿದೆ. ಪೈಪ್ ಅಂದರೆ ಕರ್ನಲ್ (ಆಪರೇಟಿಂಗ್ ಸಿಸ್ಟಮಿನ ತಿರುಳು) ಒಳಗಿನ ಒಂದು ಸಣ್ಣ ಜಾಗ. ಲಿನಕ್ಸ್‌ನಲ್ಲಿ ಮಾಮೂಲಾಗಿ ಅದು ಹಿಡಿಯುವುದು 65,536 ಬೈಟ್ ಅಷ್ಟೇ. ಒಂದು ಕಡೆಯಿಂದ ಬರೆಯುತ್ತಾ ಹೋಗಿ ಇನ್ನೊಂದು ಕಡೆ ಯಾರೂ ಓದದಿದ್ದರೆ ಅದು ಭರ್ತಿಯಾಗುತ್ತದೆ. ಆಮೇಲೆ ಬರೆಯಲು ಹೋದ ಪ್ರೋಗ್ರಾಮನ್ನು ಕರ್ನಲ್ ಅಲ್ಲೇ ಮಲಗಿಸುತ್ತದೆ. ಅದು ಮುಗಿಯಲಿ ಅಂತ ನೀವು ವೇಟ್‌ನಲ್ಲಿ ಕಾಯುತ್ತಿದ್ದೀರಿ. ನೀವು ಓದಲಿ ಅಂತ ಅದು ಕಾಯುತ್ತಿದೆ. ಇಬ್ಬರೂ ಏಳುವುದಿಲ್ಲ.

ನಾನು ಇದೇ ವಿಷಯಕ್ಕೆ ಎರಡು ದಿನ ಕಳೆದಿದ್ದೇನೆ. ಮೊದಲ ದಿನ ವಿಡಿಯೋ ಹಾಳಾಗಿದೆ ಅಂದುಕೊಂಡು ಬೇರೆ ಬೇರೆ ಫೈಲ್ ಹಾಕಿ ನೋಡಿದೆ. ಪ್ರೊಸೆಸ್ ಜೀವಂತವಾಗಿದೆ, ಸಿಪಿಯು ಮಾತ್ರ ಸೊನ್ನೆ. ಎರಡನೇ ದಿನ ನಿಂತುಹೋದ ಪ್ರೊಸೆಸ್‌ಗೆ ಸ್ಟ್ರೇಸ್ ಹಚ್ಚಿದೆ, ಪ್ರೋಗ್ರಾಂ ಕರ್ನಲ್‌ಗೆ ಏನು ಕೇಳುತ್ತಿದೆ ಅಂತ ತೋರಿಸುವ ಸಾಧನ ಅದು. ಪರದೆ ಮೇಲೆ ಒಂದೇ ಸಾಲು ಬಂತು: ರೈಟ್, ಬ್ರ್ಯಾಕೆಟ್, 2, ಆಮೇಲೆ ಅರ್ಧ ಬರೆದ ಒಂದು ಪ್ರಗತಿಯ ಸಾಲು. ಅಷ್ಟೇ, ಮುಂದಕ್ಕೆ ಹೋಗಲೇ ಇಲ್ಲ. 2 ಅಂದರೆ ಸ್ಟ್ಯಾಂಡರ್ಡ್ ಎರರ್. ಎಫ್‌ಎಫ್‌ಎಂಪೆಗ್ ತನ್ನ ಮಾತನ್ನೆಲ್ಲ ಆಡುವುದು ಅಲ್ಲೇ. ಎಷ್ಟನೇ ಫ್ರೇಮ್, ಎಷ್ಟು ವೇಗ, ಎಷ್ಟು ಸೈಜ್ ಅಂತ ಅರ್ಧ ಸೆಕೆಂಡಿಗೊಮ್ಮೆ ಒಂದು ಸಾಲು ಬರೆಯುತ್ತದೆ. ಆ ಸಾಲು ಹೆಚ್ಚು ಕಡಿಮೆ 90 ಅಕ್ಷರ ಇರುತ್ತದೆ. 65,536 ಅನ್ನು 90ರಿಂದ ಭಾಗಿಸಿದರೆ ಸುಮಾರು 730 ಸಾಲು. ಅರ್ಧ ಸೆಕೆಂಡಿಗೊಂದು ಅಂದರೆ ಆರು ನಿಮಿಷ. ನನ್ನ ಕೆಲಸಗಳು ನಿಲ್ಲುತ್ತಿದ್ದದ್ದು ಆರು ನಿಮಿಷದ ಆಸುಪಾಸಿನಲ್ಲೇ! ನಿಮ್ಮದು ಎಷ್ಟು ಹೊತ್ತಿಗೆ ನಿಲ್ಲುತ್ತದೆ ಅಂತ ಒಮ್ಮೆ ಗಡಿಯಾರ ಹಿಡಿದು ನೋಡಿ. ಟರ್ಮಿನಲ್‌ನಲ್ಲಿ ಯಾಕೆ ಸರಿಯಾಗುತ್ತದೆ ಅಂತಲೂ ಈಗ ಗೊತ್ತಾಯ್ತು ಅಲ್ವಾ? ಅಲ್ಲಿ ಬರೆದಿದ್ದನ್ನು ಟರ್ಮಿನಲ್ ಕೂಡಲೇ ಓದಿಕೊಳ್ಳುತ್ತದೆ.

ಪರಿಹಾರ ಸುಲಭ. ಪೈಪ್ ಹಾಕಿದರೆ ಓದಲೇಬೇಕು. ವೇಟ್ ಬಿಟ್ಟು ಕಮ್ಯೂನಿಕೇಟ್ ಕರೆಯಿರಿ, ಅದು ಎರಡೂ ಪೈಪನ್ನು ಒಟ್ಟಿಗೆ ಓದುತ್ತದೆ. ಪೈಥಾನ್ 3.5ರಿಂದ ಸಬ್‌ಪ್ರೊಸೆಸ್ ಒಳಗೆ ರನ್ ಅನ್ನುವ ಫಂಕ್ಷನ್ ಇದೆ, ಅದು ಒಳಗೆ ಇದನ್ನೇ ಮಾಡುತ್ತದೆ. ನೀವೇ ಕೈಯಾರೆ ಓದಲು ಹೋಗಬೇಡಿ. ಮೊದಲು ಔಟ್‌ಪುಟ್ ಪೂರ್ತಿ ಓದಿ ಆಮೇಲೆ ಎರರ್ ಓದೋಣ ಅಂತ ಕೂತರೆ, ಅಷ್ಟರಲ್ಲಿ ಎರರ್ ಪೈಪ್ ತುಂಬಿ ಮತ್ತೆ ಅದೇ ಗಂಟು. ಇದು ಪೈಥಾನ್‌ಗೆ ಮಾತ್ರ ಸೇರಿದ್ದಲ್ಲ. ಜಾವಾದಲ್ಲೂ ಇದೇ ಬಲೆ ಇದೆ. ಅಲ್ಲಿ ಪ್ರೊಸೆಸ್‌ಬಿಲ್ಡರ್‌ಗೆ ಎರಡೂ ಔಟ್‌ಪುಟ್ ಸೇರಿಸಿಬಿಡು ಅಂತ ಹೇಳಿದರೆ ಒಂದನ್ನೇ ಓದಿದರೆ ಸಾಕು.

ಆದರೆ ನಿಮ್ಮಂಥ ಉದ್ದದ ಕೆಲಸಕ್ಕೆ ನಾನು ಪೈಪನ್ನೇ ಹಾಕುವುದಿಲ್ಲ. ಪ್ರತಿ ಕೆಲಸಕ್ಕೂ ಒಂದು ಲಾಗ್ ಫೈಲ್ ತೆರೆದು ಎರರ್ ಔಟ್‌ಪುಟನ್ನು ನೇರ ಅಲ್ಲಿಗೆ ಕಳಿಸುತ್ತೇನೆ. ಫೈಲು ಪೈಪಿನ ಹಾಗೆ ತುಂಬಿ ಯಾರನ್ನೂ ತಡೆಯುವುದಿಲ್ಲ, ಮೆಮೊರಿಯೂ ಖರ್ಚಾಗುವುದಿಲ್ಲ. ಕೆಲಸ ಕೆಟ್ಟರೆ ಕೊನೆಯ ಇಪ್ಪತ್ತು ಸಾಲು ತೆಗೆದು ನೋಡಬಹುದು. ಔಟ್‌ಪುಟ್ ಬೇಡವೇ ಬೇಡ ಅನ್ನುವುದಾದರೆ ಡೆವ್‌ನಲ್‌ಗೆ ಹಾಕಿ, ಬರೆದದ್ದನ್ನೆಲ್ಲ ನುಂಗಿಬಿಡುವ, ಓದಿದರೆ ಖಾಲಿ ಸಿಗುವ ಜಾಗ ಅದು. ಸುಮ್ನೆ ಪೈಪ್ ಹಾಕಿ ಬಿಟ್ಟುಬಿಡುವುದೊಂದು ಬೇಡ.

ಇನ್ನೊಂದು ಬಾಗಿಲು ತೆರೆದಿದೆ, ಅದು ಇನ್‌ಪುಟ್. ನೀವು ಏನೂ ಹೇಳದಿದ್ದರೆ ಎಫ್‌ಎಫ್‌ಎಂಪೆಗ್‌ಗೆ ನಿಮ್ಮ ಪ್ರೋಗ್ರಾಮಿನ ಸ್ಟ್ಯಾಂಡರ್ಡ್ ಇನ್‌ಪುಟ್ಟೇ ಸಿಗುತ್ತದೆ. ಔಟ್‌ಪುಟ್ ಫೈಲ್ ಮೊದಲೇ ಇದ್ದರೆ ಅದು "ಇದರ ಮೇಲೆ ಬರೆಯಲಾ?" ಅಂತ ಕೇಳಿ ಉತ್ತರಕ್ಕೆ ಕಾಯುತ್ತದೆ. ಆ ಪ್ರಶ್ನೆಯೂ ಹೋಗುವುದು ಎರರ್ ಔಟ್‌ಪುಟ್‌ಗೇ, ಅಂದರೆ ನಿಮ್ಮ ಪೈಪಿನೊಳಕ್ಕೆ, ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಹಾಗಾಗಿ ಇನ್‌ಪುಟ್ ಡೆವ್‌ನಲ್‌ಗೆ ಕಟ್ಟಿ, ಕಮಾಂಡಿಗೆ ನೋ-ಎಸ್‌ಟಿಡಿಇನ್ ಆಯ್ಕೆ ಸೇರಿಸಿ. ಹಳೆಯ ಫೈಲನ್ನು ಅಳಿಸಿ ಬರೆದರೂ ಪರವಾಗಿಲ್ಲ ಅಂದರೆ ವೈ ಆಯ್ಕೆಯನ್ನೂ ಕೊಡಿ.

ಈಗ ಸ್ಪೇಸ್ ವಿಷಯ. ನನಗೆ ಜಾಸ್ತಿ ಆತಂಕ ಆಗಿದ್ದು ಇದನ್ನು ಓದಿದಾಗಲೇ. ಶೆಲ್ ಆನ್ ಮಾಡಿ ಸ್ಟ್ರಿಂಗ್ ಕೊಟ್ಟರೆ ನೀವು ಎಫ್‌ಎಫ್‌ಎಂಪೆಗ್ ಜೊತೆ ಮಾತಾಡುತ್ತಿಲ್ಲ. ಶೆಲ್ ಜೊತೆ ಮಾತಾಡುತ್ತಿದ್ದೀರಿ, ಅದು ನಿಮ್ಮ ಸಾಲನ್ನು ತನ್ನ ವ್ಯಾಕರಣದ ಪ್ರಕಾರ ಒಡೆಯುತ್ತದೆ. ಸ್ಪೇಸ್ ಕಂಡರೆ ಎರಡು ತುಂಡು. ಸೆಮಿಕೋಲನ್ ಕಂಡರೆ ಎರಡು ಕಮಾಂಡ್. ಫೈಲಿನ ಹೆಸರನ್ನು ಇಡುವವರು ನೀವಲ್ಲ, ಅಪ್‌ಲೋಡ್ ಮಾಡುವವರು. ಯಾರೋ ಒಬ್ಬರು ಹೆಸರಿನ ಮಧ್ಯೆ ಸೆಮಿಕೋಲನ್ ಇಟ್ಟು ಅದರ ಮುಂದೆ ಆರ್‌ಎಂ (ಫೈಲ್ ಅಳಿಸುವ ಕಮಾಂಡ್) ಅಂತ ಬರೆದರೆ ನಿಮ್ಮ ಸರ್ವರ್ ಅದನ್ನೂ ಓಡಿಸುತ್ತದೆ. ಇವತ್ತು ಸ್ಪೇಸ್‌ಗೆ ಕೆಟ್ಟಿದ್ದು ನಿಮ್ಮ ಅದೃಷ್ಟ, ತೂತು ಬೇಗ ಕಾಣಿಸಿತು. ದಯವಿಟ್ಟು ಉಳಿದದ್ದೆಲ್ಲ ಬಿಟ್ಟು ಮೊದಲು ಇದನ್ನು ಮುಚ್ಚಿ.

ಕೋಟ್ ಹಾಕಿ ಸರಿಮಾಡಲು ಹೋಗಬೇಡಿ. ಹೆಸರಿನೊಳಗೇ ಕೋಟ್ ಬಂದ ದಿನ ಅದೂ ಒಡೆಯುತ್ತದೆ. ಶೆಲ್ ತೆಗೆದುಹಾಕಿ, ಕಮಾಂಡನ್ನು ಲಿಸ್ಟ್ ಆಗಿ ಕೊಡಿ. ಪ್ರೋಗ್ರಾಮಿನ ಹೆಸರು ಒಂದು, ಪ್ರತಿ ಆಯ್ಕೆ ಒಂದೊಂದು, ಫೈಲಿನ ಹೆಸರು ಪೂರ್ತಿಯಾಗಿ ಒಂದು. ಲಿನಕ್ಸ್‌ನಂಥ ಯುನಿಕ್ಸ್‌ಗಳಲ್ಲಿ ಹೊಸ ಪ್ರೋಗ್ರಾಂ ಹುಟ್ಟುವುದು ಫೋರ್ಕ್ (ಪ್ರೊಸೆಸ್‌ನ ನಕಲು ಮಾಡುವುದು) ಮತ್ತು ಎಕ್ಸೆಕ್ (ಆ ನಕಲಿನಲ್ಲಿ ಹೊಸ ಪ್ರೋಗ್ರಾಂ ಕೂರಿಸುವುದು) ಎಂಬ ಎರಡು ಹೆಜ್ಜೆಯಲ್ಲಿ. ಎಕ್ಸೆಕ್ ತೆಗೆದುಕೊಳ್ಳುವುದೇ ಇಂಥ ಪಟ್ಟಿಯನ್ನು. ನೀವು ಕೊಟ್ಟದ್ದು ಹಾಗೇ ಆ ಕಡೆ ತಲುಪುತ್ತದೆ, ಮಧ್ಯೆ ಒಡೆಯುವವರು ಯಾರೂ ಇಲ್ಲ. ಒಂದು ಎಚ್ಚರ: ಲಿಸ್ಟ್ ಮಾಡಿ ಶೆಲ್ ತೆಗೆಯಲು ಮರೆತರೆ ಲಿಸ್ಟಿನ ಮೊದಲ ಪದ ಮಾತ್ರ ಕಮಾಂಡ್ ಆಗುತ್ತದೆ. ಎಫ್‌ಎಫ್‌ಎಂಪೆಗ್ ತನ್ನ ವರ್ಷನ್ ಮತ್ತು ಬಳಕೆಯ ಸಾಲು ತೋರಿಸಿ ಹೊರಟುಬಿಡುತ್ತದೆ. ಬಹಳ ಜನ ಇಲ್ಲಿ ಗಾಬರಿಯಾಗಿ ವಾಪಸ್ ಸ್ಟ್ರಿಂಗ್‌ಗೇ ಹೋಗುತ್ತಾರೆ.

ಲಿಸ್ಟ್ ಕೊಟ್ಟ ಮೇಲೂ ಒಂದು ಸಣ್ಣ ತೊಡಕು ಉಳಿಯುತ್ತದೆ. ಹೆಸರು ಹೈಫನ್‌ನಿಂದ ಶುರುವಾದರೆ ಅದನ್ನು ಪ್ರೋಗ್ರಾಂ ಒಂದು ಆಯ್ಕೆ ಅಂತ ಓದಬಹುದು. ಎಫ್‌ಎಫ್‌ಎಂಪೆಗ್‌ಗಂತೂ ಹೆಸರಿನ ಮೊದಲಿಗೆ ಎಚ್‌ಟಿಟಿಪಿ ಮತ್ತು ಕೋಲನ್ ಇದ್ದರೆ ಅದು ಫೈಲ್ ಅಲ್ಲ, ನೆಟ್‌ವರ್ಕ್ ವಿಳಾಸ. ಇದಕ್ಕೆ ನಾನು ಕಂಡುಕೊಂಡ ನೆಮ್ಮದಿಯ ದಾರಿ ಒಂದೇ: ಅಪ್‌ಲೋಡ್ ಆದ ಕೂಡಲೇ ಫೈಲಿಗೆ ನಾನೇ ಒಂದು ಹೆಸರು ಕೊಡುತ್ತೇನೆ, ಬರೀ ಅಕ್ಷರ ಮತ್ತು ಅಂಕಿ. ಬಳಕೆದಾರರು ಇಟ್ಟ ಹೆಸರು ಡೇಟಾಬೇಸಿನಲ್ಲಿ ಇರುತ್ತದೆ, ಕಮಾಂಡಿನ ಹತ್ತಿರ ಸುಳಿಯುವುದಿಲ್ಲ.

ವಿಂಡೋಸ್‌ನಲ್ಲೂ ಓಡಿಸುವ ಯೋಚನೆ ಇದ್ದರೆ ಇದಿಷ್ಟು ನೆನಪಿರಲಿ. ಅಲ್ಲಿ ಪಟ್ಟಿ ಅನ್ನುವುದೇ ಇಲ್ಲ, ಹೊಸ ಪ್ರೊಸೆಸ್‌ಗೆ ಹೋಗುವುದು ಒಂದೇ ಉದ್ದನೆಯ ಸಾಲು, ಗರಿಷ್ಠ 32,767 ಅಕ್ಷರ. ನಿಮ್ಮ ಲಿಸ್ಟನ್ನು ಪೈಥಾನೇ ಸೇರಿಸಿ ಕಳಿಸುತ್ತದೆ, ಮಾಮೂಲಿ ಪ್ರೋಗ್ರಾಂಗಳಿಗೆ ಇದು ಸಾಕು. ಬ್ಯಾಚ್ ಫೈಲ್‌ಗಳಿಗೆ (ವಿಂಡೋಸ್ ಕಮಾಂಡ್‌ಗಳನ್ನು ಬರೆದಿಟ್ಟ ಫೈಲುಗಳಿಗೆ) ಮಾತ್ರ ನಿಯಮ ಬೇರೆ. 2024ರಲ್ಲಿ ಇದೇ ಜಾಗದಲ್ಲಿ ಹಲವು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ತೂತು ಸಿಕ್ಕಿತು, ರಸ್ಟ್ ಭಾಷೆ ತನ್ನ 1.77.2 ಆವೃತ್ತಿಯಲ್ಲಿ ಸರಿಪಡಿಸಿತು. ಹೊರಗಿನವರು ಕೊಟ್ಟ ಪಠ್ಯವನ್ನು ಬ್ಯಾಚ್ ಫೈಲಿಗೆ ಕೊಡಲೇಬೇಡಿ.

ಕೆಲಸ ಮುಗಿದ ಮೇಲೆ ರಿಟರ್ನ್ ಕೋಡ್ ನೋಡುವುದನ್ನು ಬಿಡಬೇಡಿ. 0 ಬಂದರೆ ಸರಿ, ಬೇರೆ ಏನೇ ಬಂದರೂ ತಪ್ಪು. ರನ್‌ಗೆ ಚೆಕ್ ಆನ್ ಮಾಡಿದರೆ ಅದೇ ಎಕ್ಸೆಪ್ಶನ್ ಎಸೆಯುತ್ತದೆ. ಮೈನಸ್ ಸಂಖ್ಯೆ ಬಂದರೆ ಯಾವುದೋ ಸಿಗ್ನಲ್ ಆ ಪ್ರೊಸೆಸ್ಸನ್ನು ಕೊಂದಿದೆ ಅಂತ. ದೊಡ್ಡ ವಿಡಿಯೋದಲ್ಲಿ -9 ಕಂಡರೆ ನಾನು ಮೊದಲು ನೋಡುವುದು ಮೆಮೊರಿ. ಮೆಮೊರಿ ಖಾಲಿಯಾದಾಗ ಕರ್ನಲ್ ಹೀಗೇ ಕೊಲ್ಲುತ್ತದೆ.

ಟೈಮ್‌ಔಟ್ ಕೂಡ ಹಾಕಿ, ಎರಡು ಗಂಟೆ ಇದ್ದರೂ ಪರವಾಗಿಲ್ಲ, ಒಂದು ಮಿತಿ ಇರಲಿ. ಆದರೆ ಮಧ್ಯೆ ಶೆಲ್ ಇದ್ದರೆ ಟೈಮ್‌ಔಟ್ ಕೊಲ್ಲುವುದು ಶೆಲ್ಲನ್ನು. ಎಫ್‌ಎಫ್‌ಎಂಪೆಗ್ ಹಿಂದೆ ಓಡುತ್ತಲೇ ಇರಬಹುದು. ಶೆಲ್ ತೆಗೆಯಲು ಇದು ಇನ್ನೊಂದು ಕಾರಣ. ನೀವು ಓಡಿಸುವ ಪ್ರೋಗ್ರಾಂ ತಾನೂ ಬೇರೆ ಪ್ರೋಗ್ರಾಂ ಹುಟ್ಟಿಸುವಂಥದ್ದಾದರೆ, ಶುರು ಮಾಡುವಾಗಲೇ ಹೊಸ ಸೆಷನ್ ಕೊಡಿ. ಆಗ ಕೊಲ್ಲುವಾಗ ಇಡೀ ಗುಂಪಿಗೇ ಸಿಗ್ನಲ್ ಕಳಿಸಬಹುದು.

ಕೋಡ್ ಬದಲಾಯಿಸುವ ಮುಂಚೆ ಒಂದು ಕೆಲಸ ಮಾಡಿ. ದೊಡ್ಡ ವಿಡಿಯೋ ಹಾಕಿ, ನಿಲ್ಲುವ ತನಕ ಕಾಯಿರಿ. ಎಫ್‌ಎಫ್‌ಎಂಪೆಗ್‌ನ ಪ್ರೊಸೆಸ್ ಸಂಖ್ಯೆ ಹುಡುಕಿ ಸುಡೋ ಜೊತೆ (ಅಂದರೆ ಅಡ್ಮಿನ್ ಹಕ್ಕಿನಿಂದ) ಸ್ಟ್ರೇಸ್ ಹಚ್ಚಿ. ರೈಟ್ 2 ಅಂತ ನಿಂತಿದ್ದರೆ ಪೈಪ್ ತುಂಬಿದೆ, ಮೇಲೆ ಹೇಳಿದ ಹಾಗೆ ಲಾಗ್ ಫೈಲಿಗೆ ಕಳಿಸಿ. ರೀಡ್ 0 ಅಂತ ನಿಂತಿದ್ದರೆ ಅದು ಉತ್ತರಕ್ಕೆ ಕಾಯುತ್ತಿದೆ, ಇನ್‌ಪುಟ್ ಕಟ್ಟಿ. ಬೇರೆ ಏನಾದರೂ ಕಂಡರೆ ಆ ಸಾಲನ್ನು ಹಾಗೇ ಬರೆದು ತಿಳಿಸಿ, ಒಟ್ಟಿಗೆ ನೋಡೋಣ.