ಆಪ್ತಸಲಹೆ ಪ್ರಕರಣ: ಒಳ್ಳೆಯ ಕೆಲಸಕ್ಕೂ ದೇವರು ಅಡ್ಡ ಬಂದರೆ

(ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಧಾರವಾಡ ಸೀಮೆಯ ಕ್ರೈಸ್ತ ಕುಟುಂಬದ ಮಹಿಳೆ. ಮೂರು ದಶಕ ನರ್ಸ್ ಆಗಿದ್ದವರು. ವಾರ್ಡಿನಲ್ಲಿ ಎಲ್ಲರೂ ಕರೆಯುತ್ತಿದ್ದಂತೆ ನಾನೂ ಸಿಸ್ಟರ್ ಎಂದೇ ಕರೆಯುತ್ತೇನೆ. ನಿವೃತ್ತಿಯಾದ ಮೇಲೆ ತಂದೆಯ ಕಡೆಯಿಂದ ಬಂದ 20 ಗುಂಟೆ ಹೊಲದಲ್ಲಿ ಬಡ ಮುದುಕರಿಗಾಗಿ ಆಶ್ರಮ ಕಟ್ಟಬೇಕೆಂದಿದ್ದರು. ಬಾಯಿಮಾತಿನ ಆಸೆಯಲ್ಲ ಅದು. ಮೊದಲ ಭೇಟಿಯಲ್ಲೇ ಒಂದು ನೋಟ್‌ಬುಕ್ ತಂದು ಮೇಜಿನ ಮೇಲಿಟ್ಟರು. ಒಂದು ಅಡಿ ಎತ್ತರದ ಮೆಟ್ಟಿಲಿಗೆ ಹನ್ನೆರಡು ಅಡಿ ಉದ್ದದ ಇಳಿಜಾರು, ಗಾಲಿಕುರ್ಚಿ ಸಲೀಸಾಗಿ ಹೋಗಲು ಬಚ್ಚಲಿಗೆ ಮೂರಡಿ ಬಾಗಿಲು, ಕಮೋಡಿನ ಪಕ್ಕದ ಹಿಡಿಕಂಬಿ ಎಷ್ಟು ಎತ್ತರದಲ್ಲಿರಬೇಕು ಎಂಬುದೆಲ್ಲ ಪೆನ್ಸಿಲ್ಲಿನಲ್ಲಿ ಬರೆದಿತ್ತು.

ನಿವೃತ್ತಿಯಾದ ಕೆಲವೇ ತಿಂಗಳಿಗೆ ಗಂಡನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು ಬಿದ್ದವು, ಮಾತು ಹೋಯಿತು. ಗ್ರಾಚ್ಯುಟಿ ಹಣದ ಬಹುಪಾಲು ಆಸ್ಪತ್ರೆಗೆ ಸಂದಿತು. ಅವರಿರುವ ಬಾಡಿಗೆ ಮನೆಯ ಬಚ್ಚಲಿಗೆ ಇರುವುದು ಎರಡಡಿಯ ಬಾಗಿಲು. ದಿನಾ ಬೆಳಿಗ್ಗೆ ಗಾಲಿಕುರ್ಚಿಯನ್ನು ಹೊಸ್ತಿಲಲ್ಲಿ ನಿಲ್ಲಿಸಿ, ಗಂಡನ ಬಲಪಕ್ಕಕ್ಕೆ ನಿಂತು, ಸೊಂಟದ ಬೆಲ್ಟ್ ಹಿಡಿದು ಒಳಗೆ ನಡೆಸಿಕೊಂಡು ಹೋಗಬೇಕು.

ಆದರೆ ಅವರು ನನ್ನ ಬಳಿ ಬಂದದ್ದು ಆ ಕಷ್ಟ ಹೇಳಿಕೊಳ್ಳಲು ಅಲ್ಲ. ಭಾನುವಾರ ಸಭೆಯಲ್ಲಿ ಕರ್ತನ ಪ್ರಾರ್ಥನೆ ಹೇಳುವಾಗ, ದೇವರ ಚಿತ್ತ ನೆರವೇರಲಿ ಎಂಬ ಸಾಲು ಬಂದೊಡನೆ ಅವರ ಬಾಯಿ ಕಟ್ಟಿಹೋಗುತ್ತಿತ್ತು. "ನಾನೇನು ಬಂಗಲೆ ಕೇಳಿದ್ದೆನೇ? ಒಡವೆ ಕೇಳಿದ್ದೆನೇ? ಅವನ ಕೆಲಸಕ್ಕೆ ಅವನೇ ಅಡ್ಡ ಬಂದರೆ ಯಾರ ಮುಂದೆ ಹೋಗಿ ಹೇಳಲಿ?" ಎಂದರು. ಆಶ್ರಮದ ಮಾತೆತ್ತಿದಾಗ ಇದು ದೇವರ ಕರೆ ಎಂದಿದ್ದ ಸಭಾಹಿರಿಯರೇ ಈಗ ಇದೂ ದೇವರ ಚಿತ್ತ ಎನ್ನುತ್ತಿದ್ದರು.

ದೈವದ ಪ್ರಶ್ನೆ ಕೇಳಿಕೊಂಡು ಬಂದವರಿಗೂ ನಾನು ಮೊದಲು ಕೇಳುವುದು ನಿದ್ದೆ, ಊಟ, ಸಾಯುವ ಯೋಚನೆಗಳ ಬಗ್ಗೆಯೇ. ಭಕ್ತಿಯ ಮಾತಿನ ಮರೆಯಲ್ಲಿ ಖಿನ್ನತೆ ಕುಳಿತಿರುವುದನ್ನು ಬಹಳ ಸಲ ಕಂಡಿದ್ದೇನೆ. "ಬೆಳಿಗ್ಗೆ ಏಳದೆ ಹೋದರೆ ಸಾಕು ಎನಿಸುತ್ತದೆ. ಆದರೆ ಅವರಿಗೆ ಗುಳಿಗೆ ಕೊಡುವವರು ಯಾರು?" ಎಂದರು. ಮನೋವೈದ್ಯರನ್ನು ಕಾಣಲೇಬೇಕೆಂದು ಹೇಳಿ, ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಅವರ ಮೊಬೈಲಿನಲ್ಲಿ ಉಳಿಸಿಕೊಟ್ಟೆ. ಔಷಧಿ ತೆಗೆದುಕೊಂಡರೆ ವಿಶ್ವಾಸ ಕಡಿಮೆಯಾದಂತೆ ಎಂದು ಅವರ ನಾದಿನಿ ಹೇಳಿದ್ದರಂತೆ. ರೋಗಿಗಳಿಗೆ ಇಂಥ ಮಾತು ಕೇಳಬೇಡಿ ಎಂದು ಇಷ್ಟು ವರ್ಷ ಬುದ್ಧಿ ಹೇಳಿದವರು ನೀವೇ ಅಲ್ಲವೇ ಎಂದೆ. ಮರುವಾರ ವೈದ್ಯರ ಬಳಿಗೆ ಹೋದರು.

ನಾನು ಬೋಧಕರ ಕೆಲಸ ಮಾಡುವುದಿಲ್ಲ. ಆದರೆ ಬೈಬಲ್ ಓದಿ ಬೆಳೆದವರೊಂದಿಗೆ ಬೈಬಲ್ ಬಿಟ್ಟು ಮಾತನಾಡುವುದೂ ಸರಿಯಲ್ಲ. ಬೈಬಲಿನ ಅರಸ ದಾವೀದನ ಕಥೆ ತೆಗೆದೆ. ತಾನು ದೇವದಾರು ಮರದ ಮನೆಯಲ್ಲಿದ್ದೇನೆ, ದೇವರ ಮಂಜೂಷ, ಅಂದರೆ ಪವಿತ್ರ ಪೆಟ್ಟಿಗೆ, ಗುಡಾರದಲ್ಲಿದೆ ಎಂದು ಅವನಿಗೆ ಸಂಕಟ. ಆಲಯ ಕಟ್ಟಲು ಹೊರಟ. ಪ್ರವಾದಿ ನಾತಾನ, ಮನಸ್ಸಿನಲ್ಲಿರುವುದನ್ನು ಮಾಡು, ದೇವರು ನಿನ್ನ ಸಂಗಡ ಇದ್ದಾನೆ ಎಂದುಬಿಟ್ಟ. ಅದೇ ರಾತ್ರಿ ಬೇರೆ ಆಜ್ಞೆ ಬಂತು. ನಾತಾನ ಮತ್ತೆ ಹೋಗಿ ಮೊದಲು ಹೇಳಿದ್ದಕ್ಕೆ ವಿರುದ್ಧವಾದುದನ್ನು ಹೇಳಬೇಕಾಯಿತು. "ಪ್ರವಾದಿಯೇ ಒಂದು ಹಗಲಿನ ಮಟ್ಟಿಗೆ ತಪ್ಪು ತಿಳಿದನಲ್ಲ, ನಿಮ್ಮ ಸಭಾಹಿರಿಯರದೇನು" ಎಂದಾಗ ಸಿಸ್ಟರ್ ಮೊದಲ ಬಾರಿಗೆ ನಕ್ಕರು.

ಆಮೇಲೆ ನಾನು ನಿರೀಕ್ಷಿಸದ ಕಡೆ ಹಿಡಿದರು. "ದಾವೀದ ಯುದ್ಧಗಳಲ್ಲಿ ರಕ್ತ ಸುರಿಸಿದ್ದ, ಅದಕ್ಕೇ ಬೇಡವೆಂದ. ನಾನೇನು ಮಾಡಿದ್ದೆ?"

ಆ ಕಾರಣ ಬೈಬಲಿನ ಪೂರ್ವಕಾಲವೃತ್ತಾಂತ ಎಂಬ ಪುಸ್ತಕದಲ್ಲಿ ಬರುತ್ತದೆ. ನಾನು ಹೇಳಿದ ಕಥೆ ಇರುವ ಎರಡನೆಯ ಸಮುವೇಲ 7ರಲ್ಲಿ ಅದರ ಸುದ್ದಿಯೇ ಇಲ್ಲ. ಅಲ್ಲಿ ದಾವೀದ ದೇವರ ಮುಂದೆ ಹೋಗಿ ಕುಳಿತ ಎಂದಷ್ಟೇ ಹೇಳಿ ಅವನ ಪ್ರಾರ್ಥನೆಯನ್ನು ಕೊಟ್ಟಿದೆ. ಮುಂದೆ ಮಗ ಸೊಲೊಮೋನ ಆಲಯ ಪ್ರತಿಷ್ಠೆಯ ದಿನ ತಂದೆಗೆ ದೇವರು ಹೇಳಿದ್ದನ್ನು ನೆನೆಯುತ್ತಾನೆ. ಒಂದನೆಯ ಅರಸುಗಳು 8ರಲ್ಲಿದೆ ಅದು: ಆಲಯ ಕಟ್ಟುವ ಮನಸ್ಸು ಮಾಡಿದ್ದು ಒಳ್ಳೆಯದೇ, ಆದರೂ ಕಟ್ಟುವವನು ನೀನಲ್ಲ. ಸಿಸ್ಟರ್ ಅದನ್ನು ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದುಕೊಂಡರು. ಯೋಜನೆ ಕೈಗೂಡಲಿಲ್ಲವೆಂದರೆ ಅದರಲ್ಲಿ ತಮ್ಮ ಅಹಂಕಾರವಿತ್ತು ಎಂದೇ ಅವರು ತೀರ್ಮಾನಿಸಿಬಿಟ್ಟಿದ್ದರು.

"ನಾನೇನು ಮಾಡಿದ್ದೆ" ಎಂಬ ಪ್ರಶ್ನೆಯ ಬೇರು ಬೇರೆಡೆ ಇತ್ತು. ಮುಂದಿನ ಭೇಟಿಯಲ್ಲಿ ಹೊರಬಂತು. ಹೊಲದಲ್ಲಿ ಕಟ್ಟಡ ಕಟ್ಟಲು ಬೇಕಾದ ಭೂಪರಿವರ್ತನೆಯ ಕಾಗದಪತ್ರಕ್ಕಾಗಿ ಅವರು ಓಡಾಡುತ್ತಿದ್ದ ದಿನಗಳಲ್ಲಿ ಗಂಡ ಬಿ.ಪಿ. ಗುಳಿಗೆ ಬಿಟ್ಟಿದ್ದರು. ಊರೆಲ್ಲರ ಬಿ.ಪಿ. ನೋಡಿದ ನನಗೆ ಮನೆಯವರದು ಕಾಣಲಿಲ್ಲ ಎಂದು ಬಿಕ್ಕಿ ಬಿಕ್ಕಿ ಅತ್ತರು. ದೇವರ ಮೇಲಿನ ಸಿಟ್ಟಿನ ಅಡಿಯಲ್ಲಿ ಇದು ಹುದುಗಿತ್ತು. ಗುಳಿಗೆ ಬಿಟ್ಟದ್ದರಿಂದ ಅಪಾಯ ಹೆಚ್ಚುತ್ತದೆ ಎಂಬುದನ್ನು ನರ್ಸ್ ಒಬ್ಬರಿಗೆ ಅಲ್ಲಗಳೆಯಲು ನಾನು ಹೋಗಲಿಲ್ಲ. ಗುಳಿಗೆ ನುಂಗದೆ ಇದ್ದವರು ಅರವತ್ತು ದಾಟಿದ, ತಿಳಿವಳಿಕೆಯುಳ್ಳ ಮನುಷ್ಯ. ಅದನ್ನು ದೇವರ ಲೆಕ್ಕಕ್ಕೂ ಹಾಕಬೇಡಿ, ನಿಮ್ಮ ಲೆಕ್ಕಕ್ಕೂ ಹಾಕಿಕೊಳ್ಳಬೇಡಿ ಎಂದೆ.

ಸಾಂತ್ವನ ಹೇಳಲು ಬಂದ ಬಂಧುವೊಬ್ಬರು, ಗಂಡನ ಸೇವೆಗೆಂದೇ ದೇವರು ನಿನ್ನನ್ನು ನರ್ಸ್ ಮಾಡಿ ತಯಾರು ಮಾಡಿದ್ದ ಎಂದಿದ್ದರಂತೆ. ಮುಂದೊಂದು ದಿನ ಸಿಸ್ಟರ್ ತಾವಾಗಿಯೇ ಹಾಗೆ ಹೇಳಿದರೆ ಹೇಳಲಿ, ಇನ್ನೊಬ್ಬರಿಗೆ ಆ ಹಕ್ಕಿಲ್ಲ. ಗಂಡನ ಮೆದುಳಿನ ರಕ್ತನಾಳ ಕಟ್ಟಿದ್ದಕ್ಕೆ ಅರ್ಥ ಹುಡುಕಿಕೊಡುವ ಅವಸರ ಬಂದವರಿಗಿರುತ್ತದೆ. ಕುಳಿತು ಒಂದು ಹೊತ್ತು ರೋಗಿಯನ್ನು ನೋಡಿಕೊಂಡು ಹೋಗುವ ಅವಸರ ಇರುವುದಿಲ್ಲ.

ನಾನು ಕೊಟ್ಟ ಸಲಹೆಗಳಲ್ಲಿ ಹೆಚ್ಚಿನವು ಸಣ್ಣವೇ. ಪ್ರಾರ್ಥನೆಯ ಆ ಸಾಲಿನಲ್ಲಿ ಬಾಯಿ ಬಾರದಿದ್ದರೆ ಸುಮ್ಮನಿರಿ, ಅಕ್ಕಪಕ್ಕದವರು ಹೇಳುತ್ತಾರೆ. ಸಂಜೆ 88ನೆಯ ಕೀರ್ತನೆ ಓದಿ. ಒಂದು ಸಮಾಧಾನದ ಮಾತೂ ಇಲ್ಲದೆ ಕತ್ತಲೆಯಲ್ಲೇ ಮುಗಿಯುವ ಅದನ್ನು ಯಾರೂ ಬೈಬಲಿನಿಂದ ಕಿತ್ತು ಹಾಕಿಲ್ಲ. ಒಂದು ವರ್ಷ ಹೊಲ ಮಾರುವ ಮಾತು ಬೇಡ, ಆಶ್ರಮವನ್ನು ಬೇರೆಯವರಿಗೆ ಒಪ್ಪಿಸುವ ಮಾತೂ ಬೇಡ. ಹುಬ್ಬಳ್ಳಿಯ ಮಗ ವಾರಕ್ಕೊಂದು ದಿನ ತಂದೆಯ ಬಳಿ ಇರಲಿ; ಆ ಹೊತ್ತಿನಲ್ಲಿ ನೀವು ಮನೆಯಲ್ಲಿರಬಾರದು. ಇದನ್ನು ಒಪ್ಪಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಮಗನನ್ನು ಕರೆಸಿ, ತಂದೆಯನ್ನು ಹಾಸಿಗೆಯಿಂದ ಕುರ್ಚಿಗೆ ಕೂರಿಸುವುದನ್ನು ತಾಯಿಯಿಂದಲೇ ಕಲಿಸಿದೆ. ಬಿದ್ದ ಕೈಯನ್ನು ಹಿಡಿದು ಎಳೆಯಬಾರದು ಎಂದು ಅವನಿಗೆ ಅಂದು ಗೊತ್ತಾಯಿತು.

ನಡುವೆ ಒಂದು ದಿನ ಸಿಸ್ಟರ್ ಸಂಭ್ರಮದಿಂದ ಬಂದರು. "ಹೂಂ" ಬಿಟ್ಟರೆ ಬೇರೆ ಮಾತಾಡದ ಗಂಡ, ಸಂಜೆಯ ಗೀತೆಯ ಎರಡು ಸಾಲನ್ನು ಪದಗಳ ಸಮೇತ ಹಾಡಿದರಂತೆ. ಎಡಮೆದುಳಿಗೆ ಪೆಟ್ಟಾಗಿ ಮಾತು ಹೋದ ಕೆಲವರು ಹಾಡಬಲ್ಲರು, ವಾಕ್ ಚಿಕಿತ್ಸಕರು ರಾಗವನ್ನೇ ಹಿಡಿದು ಮಾತು ಕಲಿಸುವುದೂ ಉಂಟು ಎಂದೆ. "ಪವಾಡವನ್ನೂ ಬಿಡುವುದಿಲ್ಲವಲ್ಲ ನೀವು" ಎಂದು ಬೈದರು. ಆದರೂ ವಾಕ್ ಚಿಕಿತ್ಸೆಗೆ ಹೆಸರು ನೋಂದಾಯಿಸಿದರು.

ನಿದ್ದೆ ಸುಧಾರಿಸಿದೆ, ಔಷಧಿ ಮುಂದುವರಿದಿದೆ. ಮನೆಯ ಮಾಲೀಕರು ಒಪ್ಪಿದ ಮೇಲೆ ಬಚ್ಚಲ ಬಾಗಿಲು ಒಡೆಸಿ ಅಗಲ ಮಾಡಿಸಿದರು. ಅಳತೆಯನ್ನು ಮೇಸ್ತ್ರಿಗೆ ನೋಟ್‌ಬುಕ್ಕಿನಿಂದಲೇ ತೋರಿಸಿದರಂತೆ. ಹೊಲವನ್ನು ಒಂದು ವರ್ಷಕ್ಕೆ ಪಕ್ಕದ ರೈತರಿಗೆ ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟಿದ್ದಾರೆ, ಅವರು ಹೆಸರು ಬಿತ್ತಿದ್ದಾರೆ. ಭೂಪರಿವರ್ತನೆಯ ಅರ್ಜಿಯನ್ನು ಸಿಸ್ಟರ್ ಇನ್ನೂ ಹಿಂತೆಗೆದುಕೊಂಡಿಲ್ಲ, ನಾನೂ ಕೇಳಿಲ್ಲ.