ಬೆಡ್ ನಂಬರ್ 6ರ ಅಮ್ಮ ಅತ್ತಾಗ ನನಗೇನೂ ಅನ್ನಿಸಲಿಲ್ಲ

ಪ್ರಶ್ನೆ: ಮೈಸೂರಿನ ಆಸ್ಪತ್ರೆಯೊಂದರ ಐಸಿಯುನಲ್ಲಿ 9 ವರ್ಷದಿಂದ ಸ್ಟಾಫ್ ನರ್ಸ್ ಆಗಿದ್ದೇನೆ. ಒಬ್ಬೊಬ್ಬರು 3 ರೋಗಿಗಳನ್ನು ನೋಡುತ್ತೇವೆ. ಹೋದ ವಾರ ಬೆಡ್ ನಂಬರ್ 6ರ ಹುಡುಗ ತೀರಿಕೊಂಡ. ಅವನ ತಾಯಿ ನನ್ನ ಕೈ ಹಿಡಿದು ಅಳುತ್ತಿದ್ದರೆ ನಾನು ಗಡಿಯಾರ ನೋಡುತ್ತಿದ್ದೆ. ಮನೆಗೆ ಬಂದರೆ ಮಗಳಿಗೆ ಜ್ವರ, ಅದಕ್ಕೂ ರೇಗಿದೆ. ನಾನು ಕಲ್ಲಾಗಿಬಿಟ್ಟೆನಾ? ಕೆಲಸ ಬಿಟ್ಟುಬಿಡಲಾ?

ಉತ್ತರ: ಸಿಸ್ಟರ್, ಗಡಿಯಾರ ನೋಡಿದೆ ಅಂತ ಬರೆದಿದ್ದೀರಿ. ಕೈ ಬಿಡಿಸಿಕೊಂಡೆ ಅಂತ ಬರೆದಿಲ್ಲ. ಆ ತಾಯಿ ಬಿಡುವವರೆಗೂ ನಿಂತೇ ಇದ್ದಿರಿ ಅಲ್ವಾ?

ನಿಮಗೆ ಆಗಿರುವುದಕ್ಕೆ ಹೆಸರಿದೆ. ಕಂಪ್ಯಾಷನ್ ಫಟೀಗ್ ಅನ್ನುತ್ತಾರೆ, ಮರುಗಿ ಮರುಗಿ ಮನಸ್ಸು ದಣಿಯುವುದು. ಕಾರ್ಲಾ ಜಾಯ್ನ್‌ಸನ್ ಎಂಬವರು 1992ರಲ್ಲಿ ನರ್ಸ್‌ಗಳ ಬಗ್ಗೆಯೇ ಬರೆಯುತ್ತಾ ಈ ಮಾತು ಬಳಸಿದ್ದರು. ದಿನಾ ಬೇರೆಯವರ ನೋವು ನೋಡಿ ನೋಡಿ, ಅದನ್ನು ಇಳಿಸಿಕೊಳ್ಳಲು ಪುರುಸೊತ್ತೇ ಸಿಗದಿದ್ದಾಗ ಮನಸ್ಸು ತನ್ನನ್ನು ಉಳಿಸಿಕೊಳ್ಳಲು ಮರುಕದ ನಲ್ಲಿಯನ್ನೇ ಬಂದ್ ಮಾಡಿಬಿಡುತ್ತದೆ. ಆಸ್ಪತ್ರೆಗೊಂದು ನಲ್ಲಿ, ಮನೆಗೊಂದು ನಲ್ಲಿ ಅಂತ ಇಲ್ಲವಲ್ಲ. ಅದಕ್ಕೇ ಮಗಳ ಮೇಲೂ ರೇಗಿದ್ದು.

ಡ್ಯೂಟಿ ಮುಗಿಯುವಾಗ ಹ್ಯಾಂಡೋವರ್ ಕೊಡುತ್ತೀರಿ. ಯಾರಿಗೆ ಯಾವ ಡ್ರಿಪ್, ಬಿಪಿ ಎಷ್ಟು, ಯೂರಿನ್ ಎಷ್ಟು, ಎಲ್ಲಾ. ಆ ಹುಡುಗ ಹೋದದ್ದನ್ನು ಯಾರಿಗೆ ಹ್ಯಾಂಡೋವರ್ ಕೊಟ್ಟಿರಿ? ಬೆಡ್‌ಶೀಟ್ ಬದಲಾಯಿಸಿ, ಮಾನಿಟರ್ ವೈರ್ ಒರೆಸಿ ಸುತ್ತಿಟ್ಟು, ಸ್ವಲ್ಪ ಹೊತ್ತಿಗೇ ಅದೇ ಬೆಡ್‌ಗೆ ಹೊಸ ಅಡ್ಮಿಷನ್ ತಗೊಂಡಿರುತ್ತೀರಿ.

ಅಮೆರಿಕದ ವರ್ಜೀನಿಯಾದಲ್ಲಿ ಜೊನಾಥನ್ ಬಾರ್ಟೆಲ್ಸ್ ಅನ್ನುವ ನರ್ಸ್ ಒಂದು ಪದ್ಧತಿ ಶುರು ಮಾಡಿದರು. ರೋಗಿ ತೀರಿಕೊಂಡ ಕೂಡಲೇ ಎಲ್ಲರೂ ಹಾಸಿಗೆ ಸುತ್ತ ಒಂದು ನಿಮಿಷ ಸುಮ್ಮನೆ ನಿಲ್ಲುವುದು, ಅಷ್ಟೇ. ಡ್ಯೂಟಿ ಡಾಕ್ಟರ್‌ಗೆ ಹೇಳಿ ನೋಡಿ. ಒಪ್ಪದಿದ್ದರೆ ನೀವೂ ಆಯಾ ಇಬ್ಬರೇ ನಿಲ್ಲಿ. ಆಮೇಲೆ ಡ್ರೆಸ್ ಬದಲಾಯಿಸುವಾಗ ನಂಬಿಕೆಯ ಒಬ್ಬ ಗೆಳತಿಯನ್ನು ಕೇಳಿ, "ಇವತ್ತು ನಿಂಗೆ ಯಾವುದು ಕಷ್ಟ ಆಯ್ತು?" ಅವಳೂ ನಿಮ್ಮನ್ನು ಕೇಳಲಿ. ಐದು ನಿಮಿಷ ಸಾಕು. ಮನೆಗೆ ಬಂದ ಮೇಲೆ ವಾರ್ಡಿನ ವಾಟ್ಸಾಪ್ ಗ್ರೂಪ್ ಮಾತ್ರ ತೆರೆಯಬೇಡಿ.

ಆದರೆ ಧ್ಯಾನ ಮಾಡಿ, ಗಟ್ಟಿಯಾಗಿರಿ ಅಂತ ನಿಮಗೊಬ್ಬರಿಗೇ ಹೇಳುವುದು ಅನ್ಯಾಯ, ನಾನಂತೂ ಹೇಳಲಾರೆ. ವೆಂಟಿಲೇಟರ್ ಮೇಲಿರುವ ಒಬ್ಬ ರೋಗಿಗೆ ಒಬ್ಬ ನರ್ಸ್ ಬೇಕು, ನೀವು ಮೂವರನ್ನು ನೋಡುತ್ತಿದ್ದೀರಿ. ಮೂರು ತಿಂಗಳಾದರೂ ಓಪಿಡಿಗೋ ಬೇರೆ ವಾರ್ಡಿಗೋ ಹಾಕಿ ಅಂತ ಇನ್‌ಚಾರ್ಜ್ ಸಿಸ್ಟರ್‌ಗೆ ಬರವಣಿಗೆಯಲ್ಲೇ ಕೇಳಿ. ಬಾಯಿಮಾತಿನಲ್ಲಿ ಕೇಳಿದ್ದು ಮರೆತುಹೋಗುತ್ತದೆ.

ಕೆಲಸ ಬಿಡುವ ತೀರ್ಮಾನ ಈಗಲೇ ಬೇಡ, ಸಾಲಾಗಿ ನೈಟ್ ಡ್ಯೂಟಿ ಮಾಡಿದ ಬೆಳಿಗ್ಗೆಯಂತೂ ಬೇಡವೇ ಬೇಡ. ವಾರ್ಡ್ ಬದಲಾದ ಮೇಲೂ ಬೇಡ ಅನ್ನಿಸಿದರೆ ಬಿಡಿ, ಅದು ತಪ್ಪಲ್ಲ. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಬದುಕೇ ಸಾಕು ಅನ್ನಿಸುತ್ತಿದೆ ಅಂದರೆ ಮಾತ್ರ ಕಾಯಬೇಡಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮಗಳ ಜ್ವರ ಬಿಟ್ಟಿತಾ? ಇವತ್ತು ಅವಳ ಪಕ್ಕ ಸ್ವಲ್ಪ ಹೊತ್ತು ಮಲಗಿಕೊಂಡು, "ಅವತ್ತು ಅಮ್ಮಂಗೆ ತುಂಬಾ ಸುಸ್ತಾಗಿತ್ತು ಪುಟ್ಟಿ, ನಿನ್ನ ಮೇಲೆ ಕೋಪ ಇರಲಿಲ್ಲ" ಅಂತ ಹೇಳಿ.